ಮರಿಕಪ್ಪೆಗಳನ್ನು ದೊಡ್ಡವುಗಳ ಟ್ಯಾಂಕಿಗೆ ಬಿಡಬೇಡಿ, ನನ್ನ ಐದು ಮರಿ ಹೋದವು

ಮನೆಯಲ್ಲಿ ಆಫ್ರಿಕನ್ ಡ್ವಾರ್ಫ್ ಕಪ್ಪೆ (ಸದಾ ನೀರಿನಲ್ಲೇ ಇರುವ ಪುಟ್ಟ ಕಪ್ಪೆ) ಸಾಕುತ್ತಿರುವವರು, ಅದರಲ್ಲೂ ಅವು ಮೊಟ್ಟೆ ಇಟ್ಟು ಮರಿ ಆಗಿದೆ ಅನ್ನುವವರು, ಇದನ್ನು ದಯವಿಟ್ಟು ಪೂರ್ತಿ ಓದಿ. "ಮರಿ ಈಗ ಬಾಯಿಗೆ ಸಿಗದಷ್ಟು ದೊಡ್ಡದಾಗಿದೆ, ಇನ್ನು ಒಟ್ಟಿಗೆ ಬಿಡಬಹುದು" ಅಂತ ನಾನು ಅಂದುಕೊಂಡಿದ್ದೆ. ಆ ಲೆಕ್ಕವೇ ತಪ್ಪು. ದೊಡ್ಡವು ಮರಿಗಳನ್ನು ತಿನ್ನಲಿಲ್ಲ. ಆದರೂ ಮರಿಗಳು ಸತ್ತವು.

ಮರಿಗಳಾದ ಕಥೆ ಮೊದಲು ಹೇಳುತ್ತೇನೆ. ಒಂದು ರಾತ್ರಿ ಜೋಡಿ ಕಪ್ಪೆ ಮೇಲೆ ಕೆಳಗೆ ಹೋಗುತ್ತಾ ನೀರಿನ ಮೇಲ್ಭಾಗದಲ್ಲಿ ಮೊಟ್ಟೆ ಇಟ್ಟಿತು. ಈ ಕಪ್ಪೆಗಳ ಮೊಟ್ಟೆ ತೇಲುತ್ತವೆ, ಬಿಟ್ಟರೆ ತಾಯಿ ತಂದೆಯೇ ತಿಂದುಬಿಡುತ್ತವೆ. ಹಾಗಾಗಿ ಲೋಟದಲ್ಲಿ ಮೊಗೆದು ಬೇರೆ ಡಬ್ಬಕ್ಕೆ ಹಾಕಿದೆ. ಎರಡು ದಿನಕ್ಕೆ ಗೊದಮೊಟ್ಟೆಗಳು ಹೊರಬಂದವು. ಇವು ಪಾಚಿ ತಿನ್ನುವ ಜಾತಿಯಲ್ಲ, ಜೀವಂತ ಸಣ್ಣ ಹುಳಗಳನ್ನೇ ಹಿಡಿದು ತಿನ್ನುತ್ತವೆ. ಮೊದಮೊದಲು ಕಣ್ಣಿಗೂ ಕಾಣದಂಥ ಸೂಕ್ಷ್ಮಜೀವಿಗಳು, ಆಮೇಲೆ ಆಗಷ್ಟೇ ಮರಿಯಾದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ), ದಿನಕ್ಕೆ ಎರಡು ಮೂರು ಸಲ. ಸುಮಾರು ಎರಡು ತಿಂಗಳು ಹೀಗೆ ಕಳೆಯಿತು. ತುಂಬಾ ಸತ್ತವು, ಕೊನೆಗೆ ಹದಿನಾಲ್ಕು ಉಳಿದು ಕಪ್ಪೆಗಳಾದವು. ಒಂದೊಂದೂ ಒಂದು ಸೆಂಟಿಮೀಟರ್ ಇತ್ತೋ ಇಲ್ಲವೋ. ಅವುಗಳ ಬಾಲ ಕರಗಿ ಕಪ್ಪೆಗಳ ಹಾಗೆ ಮೇಲೆ ಬಂದು ಗಾಳಿ ಗುಟುಕರಿಸಿದ್ದನ್ನು ನೋಡಿ ನನಗೆ ಆದ ಖುಷಿ ಹೇಳಲಾರೆ.

ಇನ್ನೂ ಒಂದೂವರೆ ತಿಂಗಳು ಕಳೆದ ಮೇಲೆ ಅವು ಎರಡು ಸೆಂಟಿಮೀಟರ್ ಆದವು. ದೊಡ್ಡವು ಮೂರೂವರೆ. ಡಬ್ಬ ಇಕ್ಕಟ್ಟಾಗಿತ್ತು, ದೊಡ್ಡ ಟ್ಯಾಂಕಿನಲ್ಲಿ ಜಾಗ ಬೇಕಾದಷ್ಟಿತ್ತು. ಅಲ್ಲಿ ಎರಡು ಗಂಡು, ಎರಡು ಹೆಣ್ಣು. ಇಷ್ಟು ಚಿಕ್ಕ ಬಾಯಿಯ ಕಪ್ಪೆ ಇಷ್ಟು ದೊಡ್ಡ ಮರಿಯನ್ನು ನುಂಗಲು ಆಗುವುದಿಲ್ಲ ಅಲ್ವಾ ಅಂತ ಧೈರ್ಯ ಮಾಡಿ ಬಿಟ್ಟೆ. ಬಿಡುವ ಮೊದಲು ಮರಿಗಳಿಗೆ ಒಳ್ಳೆಯದಾಗಲಿ ಅಂತ ಅರ್ಧ ನೀರು ಬದಲಿಸಿದೆ, ಹೀಟರನ್ನು ಸ್ವಲ್ಪ ಜಾಸ್ತಿ ಮಾಡಿದೆ, ಎಲ್ಲರಿಗೂ ಸಾಕಾಗಲಿ ಅಂತ ಬ್ಲಡ್‌ವರ್ಮ್ (ಇವು ತಿನ್ನುವ ಸಣ್ಣ ಕೆಂಪು ಹುಳ) ಕೂಡ ಜಾಸ್ತಿ ಹಾಕಿದೆ.

ಹೊಸ ನೀರು, ಬಿಸಿ, ಹೊಟ್ಟೆ ತುಂಬಾ ಊಟ. ಡ್ವಾರ್ಫ್ ಕಪ್ಪೆಗಳನ್ನು ಮರಿ ಮಾಡಿಸಬೇಕು ಅಂದರೆ ಮಾಡುವುದೂ ಇದನ್ನೇ! ಅದು ನನಗೆ ಗೊತ್ತಿತ್ತು. ಆದರೂ ಆ ದಿನ ತಲೆಗೆ ಹೊಳೆಯಲಿಲ್ಲ.

ಮೊದಲ ಎರಡು ದಿನ ಏನೂ ಆಗಲಿಲ್ಲ. ಒಂದು ಹೆಣ್ಣು ಊಟದ ಹೊತ್ತಿನಲ್ಲಿ ಮರಿಯ ಕಾಲನ್ನೇ ಹುಳ ಅಂತ ಕಚ್ಚಿ ಎಳೆಯಿತು, ಆಮೇಲೆ ಬಿಟ್ಟಿತು. ಈ ಕಪ್ಪೆಗಳಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ವಾಸನೆ ಬಂದ ಕಡೆ ಏನು ಅಲುಗಾಡಿದರೂ ಬಾಯಿ ಹಾಕುತ್ತವೆ. ನಾನು ಅದನ್ನು ದೊಡ್ಡದು ಮಾಡಲಿಲ್ಲ. ಮೂರನೆಯ ರಾತ್ರಿ ಗಂಡುಗಳು ಕೂಡಲು ಹೆಣ್ಣನ್ನು ಕರೆಯುವ ಹಾಗೆ ಗುಂಯ್ ಅನ್ನಲು ಶುರುಮಾಡಿದವು. ಪಕ್ಕದ ಕೋಣೆಯ ಫ್ರಿಜ್ಜಿನ ಸದ್ದಿನ ಹಾಗೆ ಕೇಳಿಸುತ್ತದೆ, ಅಷ್ಟು ಮೆಲ್ಲಗೆ. ಹೊಸ ಜಾಗದಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಅಂತ ನೆಮ್ಮದಿಯಿಂದ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಎರಡು ಮರಿ ತಳದಲ್ಲಿ ಸತ್ತು ಬಿದ್ದಿದ್ದವು. ಮೈಮೇಲೆ ಕಚ್ಚಿದ ಗುರುತಿಲ್ಲ. ಹಿಂಗಾಲು ಶುರುವಾಗುವ ಕಡೆ, ಸೊಂಟದ ಸುತ್ತ, ಚರ್ಮ ಕೆಂಪಾಗಿತ್ತು. ಕಪ್ಪೆಗಳಿಗೆ ರೆಡ್ ಲೆಗ್ ಅಂತ ಒಂದು ಕಾಯಿಲೆ ಬರುತ್ತದೆ, ಕಾಲು ಹೊಟ್ಟೆ ಕೆಂಪಾಗುತ್ತದೆ. ಇದು ಅದೇ ಅಂತ ಹೆದರಿ ಏನು ಮಾಡಿದೆ ಗೊತ್ತಾ? ಮತ್ತೆ ಅರ್ಧ ನೀರು ಬದಲಿಸಿದೆ. ಮತ್ತೆ ಹೊಸ ನೀರು. ಆ ರಾತ್ರಿ ಗುಂಯ್ ಸದ್ದು ಇನ್ನೂ ಜೋರಾಯಿತು, ಮಾರನೆಯ ಬೆಳಿಗ್ಗೆ ಇನ್ನೊಂದು ಮರಿ ಸತ್ತಿತ್ತು, ಅದರ ಸೊಂಟದಲ್ಲೂ ಅದೇ ಕೆಂಪು.

ಐದನೆಯ ರಾತ್ರಿ ದೀಪ ಆರಿಸಿ, ಮಂದ ಟಾರ್ಚ್ ಹಿಡಿದು ಟ್ಯಾಂಕಿನ ಮುಂದೆ ಕೂತೆ. ಆಗ ಕಂಡಿತು. ಒಂದು ದೊಡ್ಡ ಗಂಡು, ಒಂದು ಮರಿಯ ಸೊಂಟವನ್ನು ಹಿಂದಿನಿಂದ ಎರಡೂ ಕೈಯಲ್ಲಿ ತಬ್ಬಿ ಹಿಡಿದಿತ್ತು. ಕೂಡುವಾಗ ಹೆಣ್ಣನ್ನು ಹಿಡಿಯುವ ಅದೇ ಹಿಡಿತ. ಹುಮ್ಮಸ್ಸು ಬಂದ ಗಂಡಿಗೆ ಹೆಣ್ಣು, ಗಂಡು, ಮರಿ ಅನ್ನುವ ಭೇದ ಇಲ್ಲ, ಹತ್ತಿರ ಬಂದದ್ದನ್ನು ಹಿಡಿಯುತ್ತದೆ, ಹಿಡಿದರೆ ಗಂಟೆಗಟ್ಟಲೆ ಬಿಡುವುದಿಲ್ಲ. ಬೆಳೆದ ಹೆಣ್ಣಾದರೆ ಗಂಡನ್ನು ಹೊತ್ತುಕೊಂಡೇ ಮೇಲೆ ಹೋಗಿ ಉಸಿರು ತೆಗೆದುಕೊಂಡು ಬರುತ್ತದೆ. ಮರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಇವು ಜೀವನವೆಲ್ಲಾ ನೀರಿನಲ್ಲೇ ಇದ್ದರೂ ಮೀನಲ್ಲ, ಕಿವಿರಿಲ್ಲ, ಉಸಿರಾಡಲು ಮೇಲೆ ಬಂದು ಗಾಳಿ ತೆಗೆದುಕೊಳ್ಳಲೇಬೇಕು. ಆ ಮರಿ ಮೇಲಕ್ಕೆ ಒದೆಯುತ್ತಿತ್ತು, ಅರ್ಧ ದಾರಿ ಹೋಗಿ ಮತ್ತೆ ಕೆಳಗೆ ಬೀಳುತ್ತಿತ್ತು. ನನ್ನ ಮರಿಗಳು ನೀರಿನಲ್ಲಿ ಮುಳುಗಿ ಸತ್ತಿದ್ದವು.

ಎರಡನ್ನೂ ಒಟ್ಟಿಗೆ ಬಲೆಯಲ್ಲಿ ಎತ್ತಿ, ಅದೇ ಟ್ಯಾಂಕಿನ ನೀರು ಮೂರು ಸೆಂಟಿಮೀಟರ್ ಮಾತ್ರ ಹಾಕಿದ ಡಬ್ಬಕ್ಕೆ ಬಿಟ್ಟೆ. ನಿಮಗೂ ಹೀಗೆ ಕಂಡರೆ ಇದನ್ನೇ ಮಾಡಿ, ಕೈಯಿಂದ ಎಳೆದು ಬಿಡಿಸಲು ಹೋಗಬೇಡಿ, ಮರಿಯ ಮೂಳೆ ಮುರಿಯುತ್ತದೆ. ನೀರು ಅಷ್ಟು ಕಡಿಮೆ ಇದ್ದರೆ ಮರಿ ತಲೆ ಎತ್ತಿದರೆ ಸಾಕು, ಉಸಿರು ಸಿಗುತ್ತದೆ. ಗಂಡು ಸ್ವಲ್ಪ ಹೊತ್ತಿಗೆ ತಾನಾಗಿ ಬಿಟ್ಟಿತು. ನಾನು ಬಂದದ್ದು ತಡವಾಗಿತ್ತು, ಆ ಮರಿ ಮಾರನೆಯ ದಿನ ಸತ್ತಿತು. ಅದೇ ರಾತ್ರಿ ಉಳಿದವನ್ನೆಲ್ಲಾ ಹಿಡಿದು ಬೇರೆ ಮಾಡಿದೆ. ಬೆಳಕಿನಲ್ಲಿ ಹತ್ತಿರದಿಂದ ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಎಲ್ಲವೂ ಸೊರಗಿದ್ದವು, ಹೊಟ್ಟೆ ಒಳಗೆ ಹೋಗಿ ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ನಾನು ಹಾಕಿದ ಊಟವನ್ನೆಲ್ಲಾ ದೊಡ್ಡವು ಮುಗಿಸುತ್ತಿದ್ದವು, ಮರಿಗಳು ಗಿಡದ ಹಿಂದೆ ಅಡಗಿ ಕೂತಿರುತ್ತಿದ್ದವು. ಹಾಗಂತ ಇನ್ನೂ ಜಾಸ್ತಿ ಹಾಕಿದರೆ ಉಳಿದದ್ದು ಕೊಳೆತು ನೀರಿನಲ್ಲಿ ಅಮೋನಿಯಾ ಅನ್ನುವ ವಿಷ ಏರುತ್ತದೆ, ಕಪ್ಪೆಯ ಚರ್ಮ ಅದನ್ನು ನೇರವಾಗಿ ಹೀರಿಕೊಳ್ಳುತ್ತದೆ. ಕಾಲು ಕಚ್ಚಿಸಿಕೊಂಡಿದ್ದ ಮರಿಯ ಗಾಯಕ್ಕೆ ಬಿಳಿ ಫಂಗಸ್ ಹಿಡಿದು ಅದೂ ವಾರದಲ್ಲಿ ಹೋಯಿತು. ಅಲ್ಲಿಗೆ ಐದು.

"ಮಧ್ಯೆ ಜಾಲರಿ ಹಾಕಿದರೆ ಆಗಲ್ವಾ?" ಅಂತ ಕೇಳುವವರಿದ್ದೀರಿ. ಜಾಲರಿ ತಳದಿಂದ ಮುಚ್ಚಳದವರೆಗೂ ಇರಬೇಕು, ಬದಿಯಲ್ಲಿ ಸಂದು ಇರಬಾರದು, ಇವು ಎಂಥ ಸಂದಿನಲ್ಲೂ ತೂರುತ್ತವೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ಬೇರೆ ಟ್ಯಾಂಕೇ ಇಡಿ. ಸ್ಪಾಂಜ್ ಫಿಲ್ಟರ್ ಸಾಕು, ಜೋರಾಗಿ ಎಳೆಯುವ ಫಿಲ್ಟರ್ ಮರಿಯ ಕಾಲನ್ನೂ ಎಳೆದುಕೊಳ್ಳುತ್ತದೆ. ನೀರು 15 ಸೆಂಟಿಮೀಟರ್ ಇದ್ದರೆ ಮೇಲೆ ಬರಲು ಸುಲಭ. ಎಷ್ಟು ದೊಡ್ಡದಾಯಿತು ಅಂತ ನೋಡಿ ಒಟ್ಟಿಗೆ ಬಿಡಬೇಡಿ, ಪೂರ್ತಿ ಬೆಳೆಯುವವರೆಗೆ ಕಾಯಿರಿ, ಅದಕ್ಕೆ ಒಂದು ವರ್ಷದ ಹತ್ತಿರ ಬೇಕಾಗಬಹುದು. ಗಂಡಾದರೆ ಮುಂಗೈಯ ಹಿಂದೆ, ಕಂಕುಳಿನ ಹತ್ತಿರ, ಚಿಕ್ಕ ಬಿಳಿ ಅಥವಾ ಗುಲಾಬಿ ಗುಳ್ಳೆಯಂಥದ್ದು ಮೂಡುತ್ತದೆ. ಅದು ರೋಗ ಅಲ್ಲ, ಗಂಡಿನ ಗ್ರಂಥಿ.

ಆಫ್ರಿಕನ್ ಕ್ಲಾಡ್ ಕಪ್ಪೆ (ಡ್ವಾರ್ಫಿನ ದೊಡ್ಡ ನೆಂಟ) ಸಾಕಿದವರಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಅವುಗಳ ಹೆಣ್ಣು 10 ಸೆಂಟಿಮೀಟರ್ ದಾಟುತ್ತದೆ, ತನ್ನದೇ ಮರಿಯನ್ನು ಕೈಯಲ್ಲಿ ಬಾಯಿಗೆ ತುರುಕಿಕೊಂಡು ನುಂಗುತ್ತದೆ. ಚಿಕ್ಕದಿದ್ದಾಗ ಎರಡೂ ಒಂದೇ ಥರ ಕಾಣುವುದರಿಂದ ಡ್ವಾರ್ಫ್ ಅಂತ ಇದನ್ನು ಕೊಟ್ಟುಬಿಡುವುದೂ ಉಂಟು. ಮುಂಗೈ ನೋಡಿ: ಬೆರಳುಗಳ ಮಧ್ಯೆ ಪೊರೆ ಇದ್ದರೆ ಡ್ವಾರ್ಫ್, ಬಿಡಿಬಿಡಿ ಬೆರಳಿದ್ದರೆ ಕ್ಲಾಡ್. ಜಾಗ ಸಾಲದು ಅಂತ ಯಾವುದನ್ನೂ ಕೆರೆಗೆ ಹಳ್ಳಕ್ಕೆ ಮಾತ್ರ ಬಿಡಬೇಡಿ. ಕ್ಲಾಡ್ ಕಪ್ಪೆಗಳು ಚಿಲಿ, ಫ್ರಾನ್ಸ್ ದೇಶಗಳಲ್ಲಿ ಹೊರಗೆ ಸೇರಿಕೊಂಡು ಬೇರೂರಿಬಿಟ್ಟಿವೆ, ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಫಂಗಸ್ಸನ್ನೂ ಹೊತ್ತು ತಿರುಗುತ್ತವೆ.

ಉಳಿದ ಒಂಬತ್ತು ಮರಿಗಳಿಗೆ ಈಗ ಸ್ವಂತ ಟ್ಯಾಂಕ್ ಇದೆ. ಕತ್ತರಿಸಿದ ಬ್ಲಡ್‌ವರ್ಮನ್ನು ಚಿಮಟದಲ್ಲಿ ಹಿಡಿದು ಒಂದೊಂದರ ಮೂತಿಯ ಹತ್ತಿರ ತಂದು ತಿನ್ನಿಸುತ್ತೇನೆ, ಎಲ್ಲದರ ಹೊಟ್ಟೆ ದುಂಡಗಾಗಿದೆ. ಹೋದ ವಾರ ಅವುಗಳಲ್ಲಿ ಎರಡರ ಕಂಕುಳಲ್ಲಿ ಬಿಳಿ ಚುಕ್ಕೆ ಕಂಡಿತು. ಅದೇ ದಿನ ಅವೆರಡನ್ನೂ ಬೇರೆ ಇಟ್ಟೆ, ಉಳಿದ ಏಳು ಇನ್ನೂ ಚಿಕ್ಕವು.