ಪ್ರತಿಜೀವಕ ಹೊರುವ ಮೂರು ಖನಿಜಗಳು: ಒಂದು ಹೋಲಿಕೆ

ಮೂಳೆಗೆ ಸೋಂಕು ತಗುಲಿದಾಗ ಅಲ್ಲಿನ ರಕ್ತಸಂಚಾರ ಕುಂಠಿತವಾಗುವುದರಿಂದ, ಮಾತ್ರೆ ಅಥವಾ ಚುಚ್ಚುಮದ್ದಿನ ಮೂಲಕ ಕೊಟ್ಟ ಪ್ರತಿಜೀವಕ ಆ ಜಾಗಕ್ಕೆ ಸಾಕಷ್ಟು ತಲುಪುವುದಿಲ್ಲ. ಔಷಧವನ್ನು ಖನಿಜಕ್ಕೆ ಸೇರಿಸಿ ಸೋಂಕಿನ ಜಾಗದಲ್ಲಿಯೇ ಇರಿಸುವುದು ಇದಕ್ಕೊಂದು ಪರಿಹಾರ. ಕ್ಯಾಲ್ಸಿಯಂ ಸಲ್ಫೇಟ್, ಹೈಡ್ರಾಕ್ಸಿಅಪಟೈಟ್ ಮತ್ತು ಹ್ಯಾಲೋಯ್ಸೈಟ್ ಎಂಬ ಜೇಡಿಮಣ್ಣು, ಈ ಮೂರನ್ನೂ ನಾನು ಪ್ರಯೋಗಾಲಯದಲ್ಲಿ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪರೀಕ್ಷಿಸಿದ್ದೇನೆ.

ತಯಾರಿಕೆಯಲ್ಲಿ ಸುಲಭವಾದದ್ದು ಕ್ಯಾಲ್ಸಿಯಂ ಸಲ್ಫೇಟ್. ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಗೆ ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕ ಬೆರೆಸಿ, ನೀರಿನಲ್ಲಿ ಕಲಸಿ ಅಚ್ಚಿಗೆ ತುಂಬಿದರೆ ಗಟ್ಟಿ ಮಣಿಗಳಾಗುತ್ತವೆ. ಮೊದಲು ಔಷಧ ಒಮ್ಮೆಲೇ ಹೊರಬರುತ್ತದೆ. ಆಮೇಲೆ ಮಣಿ ಕರಗಿದಂತೆಲ್ಲ ಉಳಿದದ್ದು ಬರುತ್ತದೆ. ಇದೇ ಕೆಲಸಕ್ಕೆ ಬಳಸುವ ಅಕ್ರಿಲಿಕ್ ಸಿಮೆಂಟಿನ ಮಣಿಗಳಾದರೆ ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕ್ಯಾಲ್ಸಿಯಂ ಸಲ್ಫೇಟ್ ತಾನಾಗಿಯೇ ಕರಗುವುದರಿಂದ ರೋಗಿಗೆ ಆ ಕಷ್ಟವಿಲ್ಲ. ಪರೀಕ್ಷೆಗೆ ಫಾಸ್ಫೇಟ್ ದ್ರಾವಣ ಬಳಸಿದರೆ ಮಣಿಯ ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್ ಪದರ ಕೂಡಬಹುದು ಎಂಬುದನ್ನು ಮಾತ್ರ ಮರೆಯಬಾರದು.

ಹೈಡ್ರಾಕ್ಸಿಅಪಟೈಟ್ ನಮ್ಮ ಮೂಳೆಯದೇ ಖನಿಜ. ಆದರೆ ಅದರ ಗುಣಾವಗುಣ ನಿಂತಿರುವುದು ತುಂಬುವ ಔಷಧದ ಮೇಲೆ. ಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಪ್ರತಿಜೀವಕದ ಹಳದಿ ದ್ರಾವಣಕ್ಕೆ ಈ ಬಿಳಿಯ ಪುಡಿಯನ್ನು ಹಾಕಿ ಕಲಕಿ ಬಿಟ್ಟರೆ, ಪುಡಿ ತಳಕ್ಕಿಳಿಯುವಾಗ ಹಳದಿ ಬಣ್ಣವೂ ಅದರೊಂದಿಗೆ ಇಳಿದು ಮೇಲಿನ ನೀರು ತಿಳಿಯಾಗುತ್ತದೆ. ಟೆಟ್ರಾಸೈಕ್ಲಿನ್ ಅಣು ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿಯುವುದೇ ಇದಕ್ಕೆ ಕಾರಣ. ಚಿಕ್ಕ ಮಕ್ಕಳ ಹಲ್ಲಿಗೆ ಈ ಔಷಧದಿಂದ ಕಲೆ ಬೀಳುವುದೂ ಇದರಿಂದಲೇ. ಅದೇ ಪುಡಿಯ ಮೇಲೆ ವ್ಯಾಂಕೊಮೈಸಿನ್‌ಗೆ ಅಷ್ಟು ಹಿಡಿತ ಸಿಗದೆ, ತೊಳೆದಾಗಲೇ ಬಹುಪಾಲು ಹೋಗಿಬಿಟ್ಟಿತು. ಬಿಗಿಯಾದ ಬಂಧವೇ ಒಳ್ಳೆಯದೆಂದೂ ನಾನು ಹೇಳಲಾರೆ, ಏಕೆಂದರೆ ರೋಗಾಣುವನ್ನು ತಡೆಯಲು ಬೇಕಾದ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಔಷಧ ದೀರ್ಘಕಾಲ ಜಿನುಗುತ್ತಿದ್ದರೆ ಅದು ಔಷಧನಿರೋಧಕ ಬ್ಯಾಕ್ಟೀರಿಯಾಗಳಿಗೇ ಅನುಕೂಲ ಮಾಡಿಕೊಡುತ್ತದೆ.

ಹ್ಯಾಲೋಯ್ಸೈಟ್ ಕಣಗಳು ಸುಮಾರು 15 ನ್ಯಾನೋಮೀಟರ್ ಒಳವ್ಯಾಸದ ಸೂಕ್ಷ್ಮ ಕೊಳವೆಗಳು. ನಿರ್ವಾತದಲ್ಲಿಟ್ಟಾಗ ಒಳಗಿನ ಗಾಳಿ ಗುಳ್ಳೆಗಳಾಗಿ ಹೊರಟು, ಆ ಜಾಗಕ್ಕೆ ಔಷಧದ ದ್ರಾವಣ ಸೇರುತ್ತದೆ. ಬಿಡುಗಡೆ ನಿಧಾನವಾಗಿತ್ತು, ಆದರೆ ತುಂಬಿದ ಪ್ರಮಾಣವೇ ಕಡಿಮೆ. ಇದು ದೇಹದಲ್ಲಿ ಸುಲಭವಾಗಿ ಕರಗುವ ವಸ್ತುವೂ ಅಲ್ಲವಾದ್ದರಿಂದ, ಗಾಯದ ಪಟ್ಟಿಗೆ ಒಪ್ಪುತ್ತದೆಯೇ ಹೊರತು ಮೂಳೆಯೊಳಗೆ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೂಳೆಯ ಪೊಳ್ಳಿಗೆ ವ್ಯಾಂಕೊಮೈಸಿನ್ ಬೇಕಾದಾಗ ನನ್ನ ಆಯ್ಕೆ ಕ್ಯಾಲ್ಸಿಯಂ ಸಲ್ಫೇಟ್. ಟೆಟ್ರಾಸೈಕ್ಲಿನ್ ಆದರೆ ಹೈಡ್ರಾಕ್ಸಿಅಪಟೈಟ್, ಅದೂ ಕೊನೆಯ ಹಂತದ ಜಿನುಗುವಿಕೆಯನ್ನು ಅಳೆದು ನೋಡಿದ ಮೇಲೆ.