ಸ್ಪೈಡರ್ ಐಡಿಇ: ಮೂರನೇ ಆವೃತ್ತಿಯಿಂದ ಆರನೆಯದರವರೆಗೆ ಬಳಸಿದ ಮೇಲೆ

ಸ್ಪೈಡರ್ ಒಂದು ಐಡಿಇ, ಅಂದರೆ ಪೈಥಾನ್ ಭಾಷೆಯ ಕೋಡನ್ನು ಬರೆದು, ಓಡಿಸಿ, ತಪ್ಪು ಹುಡುಕುವ ತಂತ್ರಾಂಶ. ಮೊದಲೇ ಹೇಳಿಬಿಡುತ್ತೇನೆ. ನೀವು ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವವರಾದರೆ ಸ್ಪೈಡರ್ ನಿಮಗಲ್ಲ. ಇಂಥದ್ದೇ ಬೇರೆ ತಂತ್ರಾಂಶಗಳಾದ ಪೈಚಾರ್ಮ್ ಅಥವಾ ವಿಎಸ್ ಕೋಡ್ ಹಾಕಿಕೊಳ್ಳಿ, ಆರಾಮಾಗಿರಿ. ಆದರೆ ದಿನವಿಡೀ ಅಂಕಿ-ಅಂಶಗಳ ಜೊತೆ ಗುದ್ದಾಡುವವರು, ಯಾರೋ ಕಳಿಸಿದ ಫೈಲ್ ತೆರೆದು "ಒಳಗೆ ಏನಿದೆ ನೋಡೋಣ" ಅನ್ನುವುದರಿಂದಲೇ ಕೆಲಸ ಶುರು ಮಾಡುವವರು ಇದನ್ನೊಮ್ಮೆ ನೋಡಲೇಬೇಕು. ನಾನು ಆ ಎರಡನೇ ಗುಂಪಿನವನು. ಬೆಂಗಳೂರಿನ ಒಂದು ಸಣ್ಣ ಕಚೇರಿಯಲ್ಲಿ ಮಳೆ, ಕೆರೆ, ನದಿ ನೀರಿನ ಲೆಕ್ಕ ಹಾಕುವುದು ನನ್ನ ಕೆಲಸ. ಕಂಪ್ಯೂಟರ್ ಸೈನ್ಸ್ ಓದಿದವನಲ್ಲ, ಸಿವಿಲ್ ಓದಿದವನು. ಈ ವಿಮರ್ಶೆಯನ್ನು ಹಾಗೆಂದುಕೊಂಡೇ ಓದಿ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಪೈಡರ್ 2009ರಲ್ಲಿ ಹುಟ್ಟಿದ್ದು. ಶುರು ಮಾಡಿದವರು ಪಿಯರ್ ರೇಬೋ. ಈಗ ಮುಂದೆ ನಿಂತು ನಡೆಸುತ್ತಿರುವವರು ಕೊಲಂಬಿಯಾದ ಕಾರ್ಲೋಸ್ ಕೊರ್ದೋಬಾ. ಪೂರ್ತಿ ಉಚಿತ, ಎಂಐಟಿ ಲೈಸೆನ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಈ ಐಡಿಇಯನ್ನೂ ಪೈಥಾನ್‌ನಲ್ಲೇ ಬರೆದಿದ್ದಾರೆ, ಕಿಟಕಿ-ಬಟನ್‌ಗಳಿಗೆ ಕ್ಯೂಟಿ ಎಂಬ ಲೈಬ್ರರಿ ಇದೆ. ಎಡಕ್ಕೆ ಎಡಿಟರ್, ಬಲಕ್ಕೆ ಮೇಲೆ ಕೋಡ್‌ನ ವೇರಿಯಬಲ್‌ಗಳಲ್ಲಿ ಏನಿದೆ ಎಂದು ತೋರಿಸುವ ವೇರಿಯಬಲ್ ಎಕ್ಸ್‌ಪ್ಲೋರರ್, ಅದರ ಕೆಳಗೆ ಕೋಡ್ ಓಡುವ ಐಪೈಥಾನ್ ಕನ್ಸೋಲ್. ನಮ್ಮ ಕಚೇರಿಗೆ ಸಲಹೆಗಾರರಾಗಿ ಬರುವ ನಿವೃತ್ತ ಪ್ರೊಫೆಸರ್ ಒಬ್ಬರು ಮೊದಲ ಸಲ ನೋಡಿದವರೇ, "ಏನಪ್ಪಾ, ಇದು ನಮ್ಮ ಮ್ಯಾಟ್‌ಲ್ಯಾಬ್ ಥರಾನೇ ಇದೆಯಲ್ಲ!" ಅಂದರು. ಹೌದು, ಮೆನುವಿನಲ್ಲಿ ಮ್ಯಾಟ್‌ಲ್ಯಾಬ್ ಲೇಔಟ್, ಆರ್‌ಸ್ಟುಡಿಯೋ ಲೇಔಟ್ ಎಂದೇ ಇವೆ. ಅವರು ಮ್ಯಾಟ್‌ಲ್ಯಾಬ್ ಆರಿಸಿಕೊಂಡರು, ಮತ್ತೆ ಬದಲಾಯಿಸಲಿಲ್ಲ.

ನಾನು ಇದರಲ್ಲೇ ಉಳಿದಿರುವುದು ವೇರಿಯಬಲ್ ಎಕ್ಸ್‌ಪ್ಲೋರರ್‌ಗಾಗಿ. ಒಂದು ನಿಜವಾದ ಕೆಲಸ ಹೇಳುತ್ತೇನೆ. ಪುಣೆಯ ಹವಾಮಾನ ಇಲಾಖೆ 1901ರಿಂದೀಚೆಗಿನ ದಿನದಿನದ ಮಳೆಯನ್ನು ಚೌಕಗಳಾಗಿ ಮಾಡಿ ಕೊಡುತ್ತದೆ. ಒಂದೊಂದು ಚೌಕ ಕಾಲು ಡಿಗ್ರಿ, ಅಂದರೆ ಸುಮಾರು 27 ಕಿಲೋಮೀಟರ್. ವರ್ಷಕ್ಕೊಂದು ಬೈನರಿ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬರೀ ಕಸ. ಪೈಥಾನ್‌ನ ಲೆಕ್ಕದ ಲೈಬ್ರರಿಯಾದ ನಂಪೈಯಲ್ಲಿ ಓದಿ 365, 129, 135 ಎಂದು ರೀಶೇಪ್ ಮಾಡಿದರೆ ಒಂದು ಮೂರು ಆಯಾಮದ ಅರೇ ಸಿಗುತ್ತದೆ: ದಿನ, ಅಕ್ಷಾಂಶ, ರೇಖಾಂಶ. ಕನ್ಸೋಲ್‌ನಲ್ಲಿ ಪ್ರಿಂಟ್ ಮಾಡಿದರೆ ನಾಲ್ಕು ಮೂಲೆಗಳಲ್ಲಿ -999, ನಡುವೆ ಚುಕ್ಕಿ. ಅದರಿಂದ ಏನೂ ತಿಳಿಯುವುದಿಲ್ಲ.

ಸ್ಪೈಡರ್‌ನ ಎಕ್ಸ್‌ಪ್ಲೋರರ್‌ನಲ್ಲಿ ಆ ಅರೇಯ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ. ಕೋಷ್ಟಕ ತೆರೆಯುತ್ತದೆ. ಕೆಳಗೆ ಆಕ್ಸಿಸ್, ಇಂಡೆಕ್ಸ್ ಎಂಬ ಎರಡು ಪುಟ್ಟ ಪೆಟ್ಟಿಗೆ. ಆಕ್ಸಿಸ್ ಸೊನ್ನೆಯಲ್ಲಿಟ್ಟು ಇಂಡೆಕ್ಸ್ ಏರಿಸುತ್ತಾ ಹೋದರೆ ಒಂದೊಂದೇ ದಿನ ಮಗುಚುತ್ತದೆ. ಬ್ಯಾಕ್‌ಗ್ರೌಂಡ್ ಕಲರ್ ಟಿಕ್ ಮಾಡಿದರೆ ಸಂಖ್ಯೆಗೆ ತಕ್ಕ ಬಣ್ಣ. ಮೊದಲಿಗೆ ಬಣ್ಣ ಎರಡೇ ಎರಡು ಕಾಣುತ್ತವೆ. ಯಾಕೆಂದರೆ ಸಮುದ್ರ ಮತ್ತು ಹೊರದೇಶದ ಚೌಕಗಳಿಗೆಲ್ಲ -999 ತುಂಬಿದ್ದಾರೆ, ಅದರ ಮುಂದೆ 5 ಮಿಲಿಮೀಟರೂ ಒಂದೇ, 80 ಮಿಲಿಮೀಟರೂ ಒಂದೇ. ಆ -999ಗಳನ್ನೆಲ್ಲ ನ್ಯಾನ್ (ಇಲ್ಲಿ ಸಂಖ್ಯೆ ಇಲ್ಲ ಎಂಬ ಗುರುತು) ಮಾಡಿ ಮತ್ತೆ ತೆರೆದರೆ ಬಣ್ಣ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತದೆ. ಇನ್ನೊಂದು ವಿಷಯವೂ ತಕ್ಷಣ ಕಣ್ಣಿಗೆ ಬೀಳುತ್ತದೆ. ಭಾರತ ತಲೆಕೆಳಗಾಗಿದೆ. ಫೈಲಿನ ಮೊದಲ ಸಾಲು 6.5 ಡಿಗ್ರಿ ಉತ್ತರ, ಹಾಗಾಗಿ ಕನ್ಯಾಕುಮಾರಿ ಮೇಲೆ, ಕಾಶ್ಮೀರ ಕೆಳಗೆ. ಇದನ್ನು ನೋಡದೆ ಲೆಕ್ಕ ಮಾಡಿದರೆ ಕೊಡಗಿನ ಮಳೆಯನ್ನು ಬೇರೆಲ್ಲೋ ಸುರಿಸಿದಂತಾಗುತ್ತದೆ. ಜೂನ್ ಮೊದಲ ವಾರದಿಂದ ಇಂಡೆಕ್ಸ್ ಒಂದೊಂದೇ ಏರಿಸಿ ನೋಡಿ. ಕೇರಳದಿಂದ ಕರಾವಳಿ ಹಿಡಿದು ಮುಂಗಾರು ಚೌಕದಿಂದ ಚೌಕಕ್ಕೆ ಹೋಗುವುದು ಕಾಣುತ್ತದೆ. ಒಂದು ಸಾಲು ಪ್ಲಾಟ್ ಕೋಡ್ ಬರೆಯದೆ.

ಪಾಂಡಾಸ್ ಲೈಬ್ರರಿಯ ಕೋಷ್ಟಕವಾದ ಡೇಟಾಫ್ರೇಮ್‌ಗೂ ಇದೇ ಸೌಕರ್ಯ. ಅಲ್ಲಿ ಬಣ್ಣವನ್ನು ಪ್ರತಿ ಕಾಲಂಗೆ ಬೇರೆಬೇರೆಯಾಗಿ ಲೆಕ್ಕ ಹಾಕುವ ಆಯ್ಕೆಯೂ ಇದೆ. ತಾಲ್ಲೂಕುವಾರು ಪಟ್ಟಿಯಲ್ಲಿ ಯಾರೋ ಮಿಲಿಮೀಟರ್ ಬದಲು ಸೆಂಟಿಮೀಟರ್ ತುಂಬಿದ್ದರೆ ಆ ಸಾಲು ಬಣ್ಣದಲ್ಲೇ ಸಿಕ್ಕಿಬೀಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಕೋಡ್ ಓಡುವುದು ಕರ್ನಲ್ ಎಂಬ ಬೇರೆ ಪ್ರೋಸೆಸ್‌ನಲ್ಲಿ, ಸ್ಪೈಡರ್‌ನ ಕಿಟಕಿ ಇರುವುದು ಇನ್ನೊಂದರಲ್ಲಿ. ನೀವು ಡಬಲ್ ಕ್ಲಿಕ್ ಮಾಡಿದಾಗ ಇಡೀ ಅರೇ ಕಾಪಿಯಾಗಿ ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಒಂದು ವರ್ಷದ ಮಳೆ ಸುಮಾರು 25 ಎಂಬಿ, ಲೆಕ್ಕಕ್ಕಿಲ್ಲ. ನೂರು ವರ್ಷದ್ದನ್ನು ಒಟ್ಟಿಗೆ ಜೋಡಿಸಿ ಡಬಲ್ ಕ್ಲಿಕ್ ಮಾಡಿದರೆ 8 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಬೇಕಾದಷ್ಟು ತುಂಡು ಮಾಡಿಕೊಂಡು ತೆರೆಯಿರಿ.

"ಸರ್, ಇದೆಲ್ಲ ನೋಟ್‌ಬುಕ್‌ನಲ್ಲೇ ಮಾಡಬಹುದಲ್ವಾ?" ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಕೇಳುವ ಪ್ರಶ್ನೆ ಇದು. ಮಾಡಬಹುದು. ಜುಪಿಟರ್ ನೋಟ್‌ಬುಕ್ ಬೇರೆಯವರಿಗೆ ತೋರಿಸುವುದಕ್ಕೆ ಚೆನ್ನ. ಪಠ್ಯ, ಚಿತ್ರ, ಕೋಡ್ ಎಲ್ಲ ಒಂದೇ ಕಡೆ. ಆದರೆ ಆ ಫೈಲಿನ ಒಳಗೆ ಜೇಸನ್ ಎಂಬ ಡೇಟಾ ರೂಪ ಇರುತ್ತದೆ, ಕೋಡ್‌ನ ಹಳೆ-ಹೊಸ ಆವೃತ್ತಿಗಳನ್ನು ಕಾಪಿಡುವ ಗಿಟ್‌ನಲ್ಲಿ ಎರಡು ಆವೃತ್ತಿ ಹೋಲಿಸಲು ಹೋದರೆ ತಲೆನೋವು. ಸ್ಪೈಡರ್‌ನಲ್ಲಿ ಮಾಮೂಲಿ ಪೈಥಾನ್ ಫೈಲೇ ಸಾಕು. ಬೇಕಾದ ಕಡೆ # %% ಎಂದು ಒಂದು ಸಾಲು ಬರೆದರೆ ಅಲ್ಲಿಂದ ಹೊಸ ಸೆಲ್. ಶಿಫ್ಟ್-ಎಂಟರ್ ಒತ್ತಿದರೆ ಆ ತುಂಡು ಓಡಿ ಕರ್ಸರ್ ಮುಂದಿನದಕ್ಕೆ ಹೋಗುತ್ತದೆ. ಪೈಥಾನ್‌ಗೆ ಅದು ಬರೀ ಕಾಮೆಂಟ್, ಹಾಗಾಗಿ ಅದೇ ಫೈಲನ್ನು ರಾತ್ರಿ ಸರ್ವರ್‌ನಲ್ಲಿ ಹಾಗೇ ಓಡಿಸಬಹುದು. ವಿಎಸ್ ಕೋಡ್ ಕೂಡ ಈಗ ಇದೇ ಗುರುತನ್ನು ಅರ್ಥ ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಇಬ್ಬರು ಅದರಲ್ಲೇ ಬರೆಯುತ್ತಾರೆ, ಫೈಲ್ ಹಂಚಿಕೊಳ್ಳಲು ಯಾವ ತೊಂದರೆಯೂ ಇಲ್ಲ.

ಹೊಸಬರಿಗೆ ನಾನು ಮೊದಲ ದಿನವೇ ಹೇಳಿಕೊಡುವುದು ಎಫ್5ಗೂ ಎಫ್9ಗೂ ಇರುವ ವ್ಯತ್ಯಾಸ. ಎಫ್5 ಇಡೀ ಫೈಲನ್ನು ಖಾಲಿ ಜಾಗದಲ್ಲಿ ಓಡಿಸುತ್ತದೆ, ಹಳೆಯ ವೇರಿಯಬಲ್‌ಗಳು ಅದಕ್ಕೆ ಕಾಣುವುದಿಲ್ಲ. ಎಫ್9 ಆರಿಸಿದ ಸಾಲುಗಳನ್ನು ಮಾತ್ರ ಓಡಿಸುತ್ತದೆ, ಅದೂ ಕನ್ಸೋಲ್‌ನಲ್ಲಿ ಈಗಾಗಲೇ ಇರುವ ವೇರಿಯಬಲ್‌ಗಳ ಜೊತೆ. ಸೆಲ್‌ಗಳೂ ಹಾಗೇ. ಬೆಳಗ್ಗೆ ಬರೆದು ಮಧ್ಯಾಹ್ನ ಅಳಿಸಿದ ಸಾಲಿನ ವೇರಿಯಬಲ್ ಸಂಜೆಯವರೆಗೂ ಜೀವಂತ ಇರುತ್ತದೆ. ನಿಮ್ಮ ಹತ್ತಿರ ಓಡುವ ಕೋಡ್ ಪಕ್ಕದವರ ಹತ್ತಿರ ಓಡುವುದಿಲ್ಲ. ಯಾರಿಗಾದರೂ ಕಳಿಸುವ ಮುನ್ನ ಕರ್ನಲ್ ರೀಸ್ಟಾರ್ಟ್ ಮಾಡಿ ಒಮ್ಮೆ ಎಫ್5 ಒತ್ತುವುದು ನಮ್ಮ ಕಚೇರಿಯ ನಿಯಮ.

ಕನ್ನಡದ ವಿಷಯಕ್ಕೆ ಬರೋಣ. ಬೇರೆ ವಿಮರ್ಶೆಗಳಲ್ಲಿ ಇದು ಸಿಗುವುದಿಲ್ಲ. ನಮಗೆ ಬರುವ ಪಟ್ಟಿಗಳಲ್ಲಿ ಊರಿನ ಹೆಸರುಗಳು ಕನ್ನಡದಲ್ಲೇ ಇರುತ್ತವೆ. ಡೇಟಾಫ್ರೇಮ್ ತೆರೆದರೆ ಚಿಕ್ಕಮಗಳೂರು, ಶ್ರೀರಂಗಪಟ್ಟಣ ಎಲ್ಲ ಸರಿಯಾಗಿ, ಒತ್ತು ಸಮೇತ ಕಾಣುತ್ತವೆ. ಅಕ್ಷರ ಜೋಡಿಸುವ ಕೆಲಸ ಕ್ಯೂಟಿಯದು, ಅದು ಚೆನ್ನಾಗಿಯೇ ಮಾಡುತ್ತದೆ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನೂ ಕನ್ನಡದಲ್ಲಿ ಇಡಬಹುದು. ಮಳೆ = 12.5 ಎಂದು ಬರೆದು ನೋಡಿ, ಎಕ್ಸ್‌ಪ್ಲೋರರ್‌ನಲ್ಲಿ 'ಮಳೆ' ಎಂದೇ ಬರುತ್ತದೆ. ಕೆಲಸದ ಕೋಡ್‌ನಲ್ಲಿ ಹಾಗೆ ಮಾಡುವುದಿಲ್ಲ ಬಿಡಿ, ಸುಮ್ನೆ ಖುಷಿಗೆ.

ಅದೇ ಹೆಸರುಗಳನ್ನು ಗ್ರಾಫ್‌ಗೆ ಹಾಕಿದಾಗ ಮಾತ್ರ ಕಥೆ ಬೇರೆ. ಗ್ರಾಫ್ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನ ಡೀಫಾಲ್ಟ್ ಫಾಂಟ್‌ನಲ್ಲಿ ಕನ್ನಡ ಇಲ್ಲ, ಮೊದಲು ಬರೀ ಪೆಟ್ಟಿಗೆಗಳು ಕಾಣುತ್ತವೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟರೆ ಅಕ್ಷರ ಬರುತ್ತದೆ, ಆದರೆ ಒತ್ತಕ್ಷರ ಒಡೆಯುತ್ತದೆ. 'ಕ್ಕ' ಇರಬೇಕಾದ ಕಡೆ ಅರ್ಧ ಕ, ಪಕ್ಕದಲ್ಲಿ ಇನ್ನೊಂದು ಕ. ನಾನು ಬಳಸುತ್ತಿರುವ ಆವೃತ್ತಿಯಲ್ಲಿ ಹೀಗೇ ಇದೆ. ಇದು ಸ್ಪೈಡರ್‌ನ ದೋಷವಲ್ಲ, ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಗುತ್ತದೆ, ಜೋಡಿಸುವುದಿಲ್ಲ. ಎಂಪಿಎಲ್‌ಕೈರೋ ಎಂಬ ಇನ್ನೊಂದು ಬ್ಯಾಕೆಂಡ್ ಹಾಕಿಕೊಂಡರೆ ಸರಿಹೋಗುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಗ್ರಾಫ್‌ನಲ್ಲಿ ಇಂಗ್ಲಿಷ್ ಹೆಸರು ಹಾಕಿ ಮುಗಿಸುತ್ತಾರೆ.

ಈಗ ಬೈಗುಳದ ಭಾಗ. ಸ್ಪೈಡರ್‌ನಲ್ಲಿ ಹೊಸಬರು ಅತಿ ಹೆಚ್ಚು ಒದ್ದಾಡುವುದು ಎನ್ವಿರಾನ್‌ಮೆಂಟ್, ಅಂದರೆ ಒಂದು ಪೈಥಾನ್ ಮತ್ತು ಅದರ ಪ್ಯಾಕೇಜ್‌ಗಳ ಪ್ರತ್ಯೇಕ ಗುಂಪಿನ ವಿಷಯದಲ್ಲಿ. ವೆಬ್‌ಸೈಟಿನಿಂದ ಇನ್‌ಸ್ಟಾಲರ್ ಇಳಿಸಿಕೊಂಡರೆ ಸ್ಪೈಡರ್ ತನ್ನದೇ ಪೈಥಾನ್ ಜೊತೆ ಬರುತ್ತದೆ. ನಂಪೈ, ಪಾಂಡಾಸ್‌ನಂಥ ಮಾಮೂಲಿ ಪ್ಯಾಕೇಜ್‌ಗಳು ಅದರಲ್ಲೇ ಇವೆ. ನಕ್ಷೆಯ ಡೇಟಾಗೆ ಬಳಸುವ ಜಿಯೋಪಾಂಡಾಸ್ ಬೇಕು ಅಂದಾಗ ಸಮಸ್ಯೆ ಶುರು. ಅದನ್ನು ಸ್ಪೈಡರ್‌ನ ಒಳಗಿನ ಪೈಥಾನ್‌ಗೆ ತುರುಕುವಂತಿಲ್ಲ. ಬೇರೆ ಎನ್ವಿರಾನ್‌ಮೆಂಟ್ ಮಾಡಬೇಕು, ಅದರಲ್ಲಿ ಸ್ಪೈಡರ್-ಕರ್ನಲ್ಸ್ ಎಂಬ ಪ್ಯಾಕೇಜ್ ಹಾಕಬೇಕು, ಆಮೇಲೆ ಪ್ರಿಫರೆನ್ಸಸ್‌ಗೆ ಹೋಗಿ ಆ ಪೈಥಾನ್ ಎಲ್ಲಿದೆ ಎಂದು ತೋರಿಸಬೇಕು. ಆವೃತ್ತಿಯೂ ಹೊಂದಬೇಕು. ಸ್ಪೈಡರ್ 6.0ಗೆ ಕರ್ನಲ್ಸ್ 3.0, ಹಳೆಯ 5.5ಗೆ 2.5. ಹೊಂದದಿದ್ದರೆ ಕನ್ಸೋಲ್ ತೆರೆಯುವುದೇ ಇಲ್ಲ, ಅದರ ಬದಲು ಒಂದು ಉದ್ದನೆಯ ಎಚ್ಚರಿಕೆ. ಅದರಲ್ಲೇ ಯಾವ ಕಮಾಂಡ್ ಕೊಡಬೇಕು ಎಂದೂ ಬರೆದಿರುತ್ತದೆ, ಆದರೆ ಗಾಬರಿಯಲ್ಲಿ ಯಾರೂ ಓದುವುದಿಲ್ಲ. ಸ್ಪೈಡರ್ ಅಪ್‌ಡೇಟ್ ಆದಾಗ ಈ ಕರ್ನಲ್ಸನ್ನೂ ಅಪ್‌ಡೇಟ್ ಮಾಡಬೇಕು. ಎರಡು ಕಡೆಯ ನಂಪೈ ಒಂದು 1, ಇನ್ನೊಂದು 2 ಆಗಿದ್ದರೆ ಕೋಡ್ ಓಡುತ್ತದೆ, ವೇರಿಯಬಲ್ ಮಾತ್ರ ತೆರೆಯದೆ ಹಟ ಹಿಡಿಯುವುದುಂಟು. ಕಾರಣ ಮೇಲೆ ಹೇಳಿದ ಕಾಪಿ ವ್ಯವಹಾರವೇ.

ಹಿಂದೆ ಎಲ್ಲರೂ ಪೈಥಾನ್ ಮತ್ತು ಪ್ಯಾಕೇಜ್‌ಗಳನ್ನು ಒಟ್ಟಿಗೆ ಕೊಡುವ ಅನಕೊಂಡ ಹಾಕಿಕೊಳ್ಳುತ್ತಿದ್ದರು, ಅದರ ಜೊತೆ ಸ್ಪೈಡರ್ ಬರುತ್ತಿತ್ತು, ಮುಗೀತು. ಕಾಲೇಜುಗಳಲ್ಲಿ ಈಗಲೂ ಹೀಗೇ. ಆದರೆ 2020ರಲ್ಲಿ ಅನಕೊಂಡದ ಷರತ್ತುಗಳು ಬದಲಾದವು. 200ಕ್ಕಿಂತ ಜಾಸ್ತಿ ಜನರಿರುವ ಕಂಪನಿಗಳು ದುಡ್ಡು ಕೊಡಬೇಕು. ದೊಡ್ಡ ಕಂಪನಿಯಲ್ಲಿ ಇರುವವರು ಐಟಿ ವಿಭಾಗವನ್ನು ಕೇಳಿಕೊಂಡೇ ಹಾಕಿ. ನಾನು ಬಳಸುವುದು ಅದರ ಬದಲಿಗೆ ಮಿನಿಫೋರ್ಜ್, ಅದು ಕಾಂಡಾ-ಫೋರ್ಜ್ ಎಂಬ ಸಮುದಾಯದ ಭಂಡಾರದಿಂದ ಪ್ಯಾಕೇಜ್ ತರುತ್ತದೆ, ಈ ತಕರಾರು ಇಲ್ಲ.

ಆವೃತ್ತಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2016ರಲ್ಲಿ ಮೂರನೆಯದು ಬಂತು. 2017ರ ನವೆಂಬರ್‌ನಲ್ಲಿ ಅನಕೊಂಡದಿಂದ ಬರುತ್ತಿದ್ದ ಹಣ ನಿಂತಿತು, ಇನ್ನು ಸ್ಪೈಡರ್ ಕಥೆ ಮುಗಿದಂತೆ ಎಂದುಕೊಂಡವರು ತುಂಬಾ ಜನ. ಮುಗಿಯಲಿಲ್ಲ. 2019ರ ಕೊನೆಗೆ ಬಂದ ನಾಲ್ಕರಲ್ಲಿ ಡಾರ್ಕ್ ಥೀಮ್, ಗ್ರಾಫ್‌ಗಳಿಗೆ ಬೇರೆ ಪೇನ್, ಆಟೋಸೇವ್ ಬಂದವು. ಕೋಡ್ ತಾನೇ ಪೂರ್ತಿಮಾಡುವ ಕೈಟ್ ಎಂಬ ಸೇವೆಯನ್ನೂ ಆಗ ಜೋಡಿಸಿದ್ದರು, ಆಮೇಲೆ ಆ ಕಂಪನಿ ಬಾಗಿಲು ಹಾಕಿತು. 2021ರ ಐದನೆಯದರಲ್ಲಿ ನನ್ನ ದಿನದ ಕೆಲಸಕ್ಕೆ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. 2024ರ ಆರನೆಯದರಲ್ಲಿ ಕೋಡ್‌ನ ತಪ್ಪು ಹುಡುಕುವ ಡೀಬಗರ್‌ಗೆ ತನ್ನದೇ ಪೇನ್ ಸಿಕ್ಕಿತು, ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ನಲ್ಲಿ ಕನ್ಸೋಲ್ ತೆರೆಯುವ ಸೌಲಭ್ಯ ಬಂತು. ಡೀಬಗ್ ಮಾಡುವಾಗ ಬ್ರೇಕ್‌ಪಾಯಿಂಟ್‌ನಲ್ಲಿ ನಿಂತರೆ ಆ ಫಂಕ್ಷನ್ ಒಳಗಿನ ವೇರಿಯಬಲ್‌ಗಳೂ ಎಕ್ಸ್‌ಪ್ಲೋರರ್‌ನಲ್ಲೇ ಬರುತ್ತವೆ, ಇದು ನನಗೆ ತುಂಬಾ ಇಷ್ಟ.

ಕೊರತೆಗಳು ಇನ್ನೂ ಇವೆ. ತೆರೆಯಲು ಹೊತ್ತು ಹಿಡಿಯುತ್ತದೆ, ವಿಎಸ್ ಕೋಡ್ ಥರ ತಟ್ಟನೆ ಬರುವುದಿಲ್ಲ. ಗಿಟ್ ಹೆಸರಿಗಷ್ಟೇ: ಕೆಳಗಿನ ಪಟ್ಟಿಯಲ್ಲಿ ಬ್ರಾಂಚ್ ಹೆಸರು ಕಾಣುತ್ತದೆ, ಉಳಿದದ್ದಕ್ಕೆ ಟರ್ಮಿನಲ್ ತೆರೆಯಬೇಕು. ಹತ್ತಾರು ಫೈಲ್‌ಗಳಲ್ಲಿ ಒಂದು ಫಂಕ್ಷನ್ ಹೆಸರು ಬದಲಾಯಿಸುವಂಥ ಕೆಲಸಕ್ಕೆ ಪೈಚಾರ್ಮ್ ಮುಂದೆ ಇದು ನಿಲ್ಲುವುದಿಲ್ಲ. ಎಕ್ಸ್‌ಟೆನ್ಶನ್‌ಗಳೂ ಕಡಿಮೆ, ಬೆರಳೆಣಿಕೆಯಷ್ಟು ಪ್ಲಗಿನ್‌ಗಳಿವೆ ಅಷ್ಟೆ. ನಮ್ಮ ಟೀಮಿನ ಹುಡುಗಿಯೊಬ್ಬಳು ಇದೇ ಕಾರಣಕ್ಕೆ ವಿಎಸ್ ಕೋಡ್‌ಗೆ ಹೋದಳು. ಅವಳ ಕೆಲಸ ಡ್ಯಾಶ್‌ಬೋರ್ಡ್ ಕಟ್ಟುವುದು, ಅಲ್ಲಿ ಪೈಥಾನ್ ಜೊತೆ ಜಾವಾಸ್ಕ್ರಿಪ್ಟೂ ಬೇಕು. ನಾನು ತಡೆಯಲಿಲ್ಲ. ಆದರೆ ಹೊಸ ಡೇಟಾ ಬಂದ ದಿನ ಅವಳೂ ಮೊದಲು ಸ್ಪೈಡರ್‌ನಲ್ಲೇ ತೆರೆದು ನೋಡುತ್ತಾಳೆ.

ಹಾಕಿಕೊಳ್ಳುವುದಾದರೆ ಹೀಗೆ ಮಾಡಿ. ಸ್ಪೈಡರ್‌ನ ಸ್ವಂತ ಇನ್‌ಸ್ಟಾಲರ್ ಹಾಕಿ, ಪಕ್ಕದಲ್ಲಿ ಮಿನಿಫೋರ್ಜ್ ಹಾಕಿ. ಒಂದೊಂದು ಪ್ರಾಜೆಕ್ಟ್‌ಗೆ ಒಂದೊಂದು ಎನ್ವಿರಾನ್‌ಮೆಂಟ್ ಮಾಡಿ, ಮಾಡುವಾಗಲೇ ಸ್ಪೈಡರ್-ಕರ್ನಲ್ಸ್ ಸೇರಿಸಿಬಿಡಿ. 8 ಜಿಬಿ ರ್‍ಯಾಮ್ ಇದ್ದರೆ ಒಂದೇ ಕನ್ಸೋಲ್ ತೆರೆದಿಡಿ, ಪ್ರತಿ ಕನ್ಸೋಲೂ ಬೇರೆ ಪ್ರೋಸೆಸ್, ಬೇರೆ ಮೆಮೊರಿ. ಮೊದಲ ದಿನ ಅರ್ಧ ಗಂಟೆ ಸೆಟ್ಟಿಂಗ್‌ನಲ್ಲೇ ಹೋಗುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಹೋದ ಒಂದು ಅಂಕ ಆ ಕರ್ನಲ್ಸ್ ಗೋಳಿಗೆ.