ಗ್ರೀಸ್ ದ್ವೀಪಗಳಿಗೆ ಬಾಡಿಗೆ ಕಾರನ್ನು ಹಡಗಿಗೆ ಹತ್ತಿಸುವ ಮುಂಚೆ ಇದನ್ನು ಓದಿ

ಅಥೆನ್ಸ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು, ಅದನ್ನೇ ಹಡಗಿಗೆ ಹತ್ತಿಸಿ, ಪಾರೋಸ್, ನಾಕ್ಸೋಸ್, ಸ್ಯಾಂಟೊರಿನಿ ಅಂತ ಒಂದೊಂದೇ ದ್ವೀಪ ನೋಡಿಕೊಂಡು ಬರುವ ಪ್ಲಾನ್ ಇದ್ದರೆ, ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ಅಕ್ಕ, ಭಾವ, ನಾನು, ನಮ್ಮ ಮನೆಯವರು ಆಗಸ್ಟಿನಲ್ಲಿ ಇದೇ ಪ್ಲಾನ್ ಹಿಡಿದು ಹೋಗಿದ್ದೆವು. ಸ್ಯಾಂಟೊರಿನಿ ನೋಡಲು ಆಗಲೇ ಇಲ್ಲ. ಕಾರಿನ ಡೆಪಾಸಿಟ್ ಪೂರ್ತಿ ಹೋಯಿತು, ಹೋಟೆಲ್ ದುಡ್ಡೂ ಹೋಯಿತು. ದ್ವೀಪಗಳ ಮೇಲೆ ನನಗೇನೂ ಬೇಸರವಿಲ್ಲ, ಅವು ತುಂಬಾ ಚೆನ್ನಾಗಿವೆ. ತೊಂದರೆ ಇರುವುದು ಒಂದೇ ಕಾರನ್ನು ದ್ವೀಪದಿಂದ ದ್ವೀಪಕ್ಕೆ ಎಳೆದುಕೊಂಡು ಹೋಗುವುದರಲ್ಲಿ.

ಮೊದಲು ಬಾಡಿಗೆ ಕರಾರಿನ ವಿಷಯ. ಬುಕ್ ಮಾಡುವ ಮುಂಚೆಯೇ ಕಾರಿನವರಿಗೆ ಫೋನ್ ಮಾಡಿ, ಹಡಗಿನಲ್ಲಿ ಒಯ್ಯಬಹುದಾ ಅಂತ ಕೇಳಿದ್ದೆವು. ಧಾರಾಳವಾಗಿ ಒಯ್ಯಿರಿ, ಎಲ್ಲರೂ ಒಯ್ಯುತ್ತಾರೆ ಅಂದರು. ಏರ್‌ಪೋರ್ಟ್ ಕೌಂಟರಿನಲ್ಲಿ ಮತ್ತೆ ಕೇಳಿದೆವು, ಅದೇ ಉತ್ತರ. ಭಾವ ಬಿಡಲಿಲ್ಲ, "ಹಾಗಾದರೆ ಕರಾರಿನ ಮೇಲೆ ಅದನ್ನು ಒಂದು ಸಾಲು ಬರೆದುಕೊಡಿ" ಅಂದರು. ಕೌಂಟರಿನ ಹುಡುಗ, ಸಿಸ್ಟಮ್‌ನಲ್ಲಿ ಹಾಕಿದ್ದೇನೆ, ಬೇರೆ ಕಾಗದ ಬೇಕಾಗಿಲ್ಲ ಅಂದ. ಕಾರು ವಾಪಸ್ ಕೊಡುವ ದಿನ ಆ ಸಿಸ್ಟಮ್‌ನಲ್ಲಿ ಏನೂ ಇರಲಿಲ್ಲ.

ಗ್ರೀಸ್‌ನ ಹಲವು ಬಾಡಿಗೆ ಕಂಪನಿಗಳ ಕರಾರಿನಲ್ಲಿ ಒಂದು ಷರತ್ತು ಇರುತ್ತದೆ. ಬರಹದಲ್ಲಿ ಅನುಮತಿ ಇಲ್ಲದೆ ಕಾರನ್ನು ಹಡಗಿಗೆ ಹತ್ತಿಸುವ ಹಾಗಿಲ್ಲ. ಅನುಮತಿ ಕೊಟ್ಟರೂ, ಕಾರು ಹಡಗಿನ ಒಳಗೆ ಇರುವಷ್ಟು ಹೊತ್ತು ವಿಮೆ ನಡೆಯುವುದಿಲ್ಲ ಅಂತ ಎಷ್ಟೋ ಕಡೆ ಬರೆದಿರುತ್ತದೆ. ಈ ಎರಡನೆಯದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ಫುಲ್ ಇನ್ಶೂರೆನ್ಸ್ ತೆಗೆದುಕೊಂಡಿದ್ದೇವೆ, ಇನ್ನೇನು ಚಿಂತೆ ಅಂದುಕೊಳ್ಳುತ್ತಾರೆ. ಆ ಫುಲ್ ಅನ್ನುವುದರಲ್ಲೂ ಟೈರು, ಕನ್ನಡಿ, ಗಾಜು, ಕಾರಿನ ಅಡಿಭಾಗ ಸಾಮಾನ್ಯವಾಗಿ ಸೇರಿರುವುದಿಲ್ಲ. ಮಣ್ಣುರಸ್ತೆಗೆ ಇಳಿದರೂ ವಿಮೆ ಕೈಬಿಡುತ್ತದೆ. ಮಿಲೋಸ್ ದ್ವೀಪದ ಪಶ್ಚಿಮ ಭಾಗದ ಮಣ್ಣುರಸ್ತೆಗಳಿಗೆ ಹೋಗಬೇಡಿ ಅಂತ ಅಲ್ಲಿನ ಬಾಡಿಗೆಯವರೇ ಹೇಳಿಬಿಡುತ್ತಾರೆ.

ಇನ್ನೊಂದು ಗೋಜು ಟಿಕೆಟ್‌ನದು. ಕಾರಿಗೆ ಹಡಗಿನ ಟಿಕೆಟ್ ಮಾಡುವಾಗ ಕಾರಿನ ನಂಬರ್ ಕೇಳುತ್ತಾರೆ. ಬಾಡಿಗೆ ಕಾರಿನ ನಂಬರ್ ನಮಗೆ ಗೊತ್ತಾಗುವುದು ಕೀಲಿ ಕೈಗೆ ಬಂದ ಮೇಲೆ! ಆಗಸ್ಟಿನಲ್ಲಿ ಅಲ್ಲಿಯವರೆಗೆ ಕಾದು ಕೂತರೆ ಕಾರಿಗೆ ಜಾಗ ಸಿಗುವುದಿಲ್ಲ. ಹಾಗಾಗಿ ಮೊದಲು ಯಾವುದೋ ನಂಬರ್ ಕೊಟ್ಟು, ಆಮೇಲೆ ಟಿಕೆಟ್ ಆಫೀಸಿನಲ್ಲಿ ತಿದ್ದಿಸಬೇಕು. ಇದರ ಜೊತೆಗೆ, ನಾವು ಬುಕ್ ಮಾಡಿದ್ದು ಚಿಕ್ಕ ಕಾರು, ಕೌಂಟರಿನಲ್ಲಿ ದೊಡ್ಡದನ್ನು ಕೊಟ್ಟು, ಫ್ರೀ ಅಪ್‌ಗ್ರೇಡ್ ಅಂದರು. ಹಲವು ಹಡಗುಗಳಲ್ಲಿ 4.25 ಮೀಟರ್ ಉದ್ದದವರೆಗಿನ ಕಾರಿಗೆ ಒಂದು ದರ, ಅದಕ್ಕಿಂತ ಉದ್ದದ್ದಕ್ಕೆ ಇನ್ನೊಂದು. ಕೊಟ್ಟ ಕಾರು ಆ ಗೆರೆ ದಾಟಿತ್ತು. ಪ್ರತಿ ಹಡಗಿಗೂ ವ್ಯತ್ಯಾಸದ ದುಡ್ಡು ನಾವೇ ಕಟ್ಟಿದೆವು. ಅಥೆನ್ಸ್‌ನಿಂದ ಹಡಗು ಹತ್ತುವ ಪಿರೇಯಸ್ ಬಂದರು ಬೇರೆ ತುಂಬಾ ದೊಡ್ಡದು. ಒಂದು ಗೇಟಿನಿಂದ ಇನ್ನೊಂದಕ್ಕೆ ಹೋಗಲು ಬಂದರಿನ ಒಳಗೇ ಬಸ್ ಓಡಿಸುತ್ತಾರೆ. ಅಷ್ಟು ದೂರ. ಟಿಕೆಟ್ ತಿದ್ದಿಸಿಕೊಂಡು ಸರಿಯಾದ ಗೇಟಿಗೆ ಮುಟ್ಟುವಷ್ಟರಲ್ಲಿ ಅಕ್ಕನಿಗೆ ಅಳುವೇ ಬಂದಿತ್ತು.

ಕಾರು ನಿಲ್ಲಿಸುವ ಡೆಕ್ ಹೇಗಿರುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ದುಡ್ಡು ಹೋಗಿದ್ದು ಅಲ್ಲೇ. ಡ್ರೈವರ್ ಒಬ್ಬರೇ ಕಾರಿನಲ್ಲಿ ಇರಬೇಕು, ಉಳಿದವರು ಇಳಿದು ನಡೆದು ಹತ್ತಬೇಕು. ಎಷ್ಟೋ ಸಲ ರ‍್ಯಾಂಪಿನ ಮೇಲೆ ರಿವರ್ಸ್‌ನಲ್ಲೇ ಹೋಗಬೇಕು. ಹಡಗಿನವರು ಸೀಟಿ ಊದುತ್ತಾ, ಕೂಗುತ್ತಾ, ಸ್ಟೀರಿಂಗ್ ಆ ಕಡೆ ತಿರುಗಿಸು, ಈ ಕಡೆ ತಿರುಗಿಸು ಅಂತ ಕೈ ಬೀಸುತ್ತಿರುತ್ತಾರೆ. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿರುತ್ತವೆ. ಕಾರುಗಳ ಕನ್ನಡಿ ಮಡಚಿಸಿ, ಮಧ್ಯೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟೇ ಜಾಗ ಬಿಡುತ್ತಾರೆ. ಹಡಗು ಹೊರಟ ಮೇಲೆ ಡೆಕ್‌ಗೆ ಯಾರನ್ನೂ ಬಿಡುವುದಿಲ್ಲ, ಹಾಗಾಗಿ ಔಷಧಿ, ಪಾಸ್‌ಪೋರ್ಟ್ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಪಾರೋಸ್‌ನಿಂದ ನಾಕ್ಸೋಸ್‌ಗೆ ಒಂದು ಗಂಟೆಯೂ ಆಗುವುದಿಲ್ಲ. ನಾವು ಕೆಳಗೆ ಇಳಿದು ಬಂದಾಗ ಎಡಗಡೆಯ ಹಿಂಬಾಗಿಲ ಮೇಲೆ ಮೊಳದುದ್ದ ಗೀರು. ಬೆರಳಿಟ್ಟರೆ ತಗ್ಗು ಸಿಗುವಷ್ಟು ಆಳ, ಒಳಗೆ ಬಿಳಿ ಬಣ್ಣ ಅಂಟಿಕೊಂಡಿತ್ತು. ಪಕ್ಕದಲ್ಲಿದ್ದ ಬಿಳಿ ವ್ಯಾನ್ ಆಗಲೇ ರ‍್ಯಾಂಪ್ ಇಳಿಯುತ್ತಿತ್ತು. ಹಡಗಿನ ಸಿಬ್ಬಂದಿಗೆ ತೋರಿಸಿದೆವು. ಹೊರಗೆ ಹೋಗಿ, ಬಂದರಿನ ಆಫೀಸಿನಲ್ಲಿ ಹೇಳಿ ಅಂತ ಗದರಿಸಿ ಓಡಿಸಿದರು. ಸಣ್ಣ ದ್ವೀಪಗಳಲ್ಲಿ ಹಡಗು ನಿಲ್ಲುವುದೇ ಕೆಲವು ನಿಮಿಷ, ಅವರಿಗೆ ಅವರ ಅವಸರ. ಆಫೀಸಿನವರು, ಇದನ್ನು ಹಡಗಿನಲ್ಲೇ ಬರೆಸಬೇಕಿತ್ತು ಅಂದರು. ಅಷ್ಟೊತ್ತಿಗೆ ಹಡಗು ಹೋಗಿತ್ತು.

ಇಲ್ಲಿ ನಿಯಮ ಹೀಗಿದೆ. ಹಡಗು ಪ್ರಯಾಣಿಕರ ಸಾಮಾನಿಗೆ ಸಂಬಂಧಿಸಿದ 1974ರ ಅಥೆನ್ಸ್ ಒಪ್ಪಂದದಲ್ಲಿ ಕಾರೂ ಸಾಮಾನಿನ ಲೆಕ್ಕಕ್ಕೇ ಬರುತ್ತದೆ. ಕಣ್ಣಿಗೆ ಕಾಣುವ ಹಾನಿ ಆಗಿದ್ದರೆ ಕಾರನ್ನು ವಾಪಸ್ ಪಡೆಯುವ ಹೊತ್ತಿಗೇ ಬರಹದಲ್ಲಿ ತಿಳಿಸಬೇಕು. ಕಾಣದ ಹಾನಿಗಾದರೆ 15 ದಿನ ಅವಕಾಶ ಇದೆ. ಆದ್ದರಿಂದ ಯಾರು ಎಷ್ಟೇ ಕೂಗಲಿ, ಗೀರು ಕಂಡರೆ ಕಾರನ್ನು ಅಲ್ಲಿಂದ ಅಲುಗಾಡಿಸಬೇಡಿ. ಮೊದಲು ಫೋಟೋ, ಪಕ್ಕದ ಗಾಡಿಯ ನಂಬರ್, ಹಡಗಿನ ಅಧಿಕಾರಿಯ ಸಹಿ. ಹಿಂದಿನವರು ಕಾಯಲಿ.

ಇನ್ನು ಗಾಳಿ. ಜುಲೈ, ಆಗಸ್ಟಿನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಬೀಸುತ್ತದೆ. ಆಕಾಶ ನೀಲಿಯಾಗಿಯೇ ಇರುತ್ತದೆ, ಮಳೆ ಇಲ್ಲ, ಮೋಡ ಇಲ್ಲ, ಬಿಸಿಲು ಹೊಳೆಯುತ್ತಿರುತ್ತದೆ. ಆದರೆ ಹಡಗು ಹೊರಡುವುದಿಲ್ಲ. ಗಾಳಿಯ ಬಲ ಅಳೆಯುವ ಬೋಫೋರ್ಟ್ ಲೆಕ್ಕದಲ್ಲಿ 8ರ ಹತ್ತಿರ ಬಂದರೆ, ಅಂದರೆ ಗಂಟೆಗೆ 62ರಿಂದ 74 ಕಿಲೋಮೀಟರ್ ವೇಗ, ಬಂದರು ಅಧಿಕಾರಿಗಳು ಹಡಗುಗಳಿಗೆ ತಡೆ ಹಾಕುತ್ತಾರೆ. ಕ್ಯಾಟಮರಾನ್ ಅನ್ನುವ, ಎರಡು ಒಡಲಿನ ವೇಗದ ಹಡಗುಗಳು ಅದಕ್ಕಿಂತ ಕಡಿಮೆ ಗಾಳಿಗೇ ನಿಲ್ಲುತ್ತವೆ. ನಮಗೆ ನಾಕ್ಸೋಸ್‌ನಲ್ಲಿ ಆಗಿದ್ದು ಇದೇ. ಮೊದಲು ಕ್ಯಾಟಮರಾನ್ ರದ್ದು, ಆಮೇಲೆ ದೊಡ್ಡ ಹಡಗೂ ರದ್ದು.

ರದ್ದಾಗಿದ್ದಕ್ಕೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಅಂಥ ಸಮುದ್ರದಲ್ಲಿ ಹೋಗದೆ ಇರುವುದೇ ಸರಿ. ಹೊಟ್ಟೆ ಉರಿದಿದ್ದು ತಡೆ ತೆಗೆದ ಮೇಲೆ. ಬ್ಯಾಗು ಹಿಡಿದು ನಡೆದು ಹೋಗುವವರಿಗೆಲ್ಲ ಮೊದಲ ಹಡಗಿನಲ್ಲೇ ಸೀಟು ಸಿಕ್ಕಿತು. ಕಾರಿದ್ದವರಿಗೆ ಸಿಗಲಿಲ್ಲ. ಕಾರಿನ ಡೆಕ್ ಮೊದಲೇ ಬುಕ್ ಆಗಿ ತುಂಬಿತ್ತು, ನಿಂತುಹೋದ ದಿನಗಳ ಕಾರು, ಲಾರಿಗಳೂ ಸಾಲಿನಲ್ಲಿದ್ದವು. ನಮ್ಮ ಪಕ್ಕದ ರೂಮಿನಲ್ಲಿದ್ದ ವಯಸ್ಸಾದ ದಂಪತಿ ಟಾಟಾ ಮಾಡಿ ಹೊರಟುಹೋದರು. ನಾವು ಕಾರು ಬಿಟ್ಟು ಹೋಗುವ ಹಾಗಿಲ್ಲ, ತೆಗೆದುಕೊಂಡು ಹೋಗಲು ಜಾಗವಿಲ್ಲ. ಕೊನೆಗೆ ಕಾರಿಗೆ ಜಾಗ ಸಿಕ್ಕಿದ್ದು ನೇರ ಪಿರೇಯಸ್‌ಗೆ ಹೋಗುವ ಹಡಗಿನಲ್ಲಿ. ಸ್ಯಾಂಟೊರಿನಿ ಕೈಬಿಟ್ಟು ಅದನ್ನೇ ಹತ್ತಿದೆವು.

ಈಗ ರೀಫಂಡ್ ಲೆಕ್ಕ ಕೇಳಿ. ರದ್ದಾದ ಹಡಗಿನ ಟಿಕೆಟ್ ದುಡ್ಡು ವಾಪಸ್ ಬಂತು. ಐರೋಪ್ಯ ಒಕ್ಕೂಟದ 2010ರ 1177ನೇ ನಿಯಮದ ಪ್ರಕಾರ, ಹಡಗು ರದ್ದಾದರೆ ಬೇರೆ ಹಡಗು ಅಥವಾ ಪೂರ್ತಿ ದುಡ್ಡು, ಎರಡರಲ್ಲಿ ಒಂದನ್ನು ಕೇಳುವ ಹಕ್ಕು ನಮಗಿದೆ. ಉಳಿದುಕೊಳ್ಳುವ ಖರ್ಚಿಗೂ ಒಂದು ರಾತ್ರಿಗೆ 80 ಯೂರೋವರೆಗೆ, ಮೂರು ರಾತ್ರಿಯ ತನಕ ಅನ್ನುವ ಸೌಲಭ್ಯ ಆ ನಿಯಮದಲ್ಲಿದೆ. ಆದರೆ ಹವಾಮಾನದಿಂದ ಅಪಾಯ ಅಂತ ರದ್ದು ಮಾಡಿದ್ದರೆ ಹೋಟೆಲ್ ಖರ್ಚೂ ಇಲ್ಲ, ಪರಿಹಾರವೂ ಇಲ್ಲ. ಇನ್ನು ಸ್ಯಾಂಟೊರಿನಿಯಿಂದ ವಾಪಸ್ ಬರಲು ಬೇರೆ ಕಂಪನಿಯ ಹಡಗಿನಲ್ಲಿ ಟಿಕೆಟ್ ಮಾಡಿದ್ದೆವು. ಆ ಹಡಗು ತನ್ನ ದಿನ ಸರಿಯಾಗಿಯೇ ಹೊರಟಿತು. ಹೊರಟ ಹಡಗಿಗೆ ರೀಫಂಡ್ ಎಲ್ಲಿಂದ ಬರಬೇಕು? ಬೇರೆ ಬೇರೆ ಟಿಕೆಟ್ ಮಾಡಿದರೆ ಒಂದು ತಪ್ಪಿದ್ದಕ್ಕೆ ಇನ್ನೊಬ್ಬರು ಜವಾಬ್ದಾರರಲ್ಲ.

ಕಾರು ವಾಪಸ್ ಕೊಟ್ಟಾಗ ಗೀರು ನೋಡಿದರು, ಹಡಗಿನ ಟಿಕೆಟ್ ಕೇಳಿದರು, ಅನುಮತಿ ಪತ್ರ ಎಲ್ಲಿ ಅಂದರು. ಫೋನಿನಲ್ಲಿ ಹೇಳಿದ್ದು, ಕೌಂಟರಿನಲ್ಲಿ ಹೇಳಿದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಭಾವನ ಕಾರ್ಡ್ ಮೇಲೆ ತಡೆಹಿಡಿದಿದ್ದ ಹಣ ಪೂರ್ತಿ ಎಳೆದುಕೊಂಡರು. ಬ್ಯಾಂಕಿಗೆ ತಕರಾರು ಹಾಕಿದ್ದೇವೆ. ಅವರೂ ಕೇಳುತ್ತಿರುವುದು ಬರಹದಲ್ಲಿ ಏನಿದೆ ಅಂತಲೇ.

ನಿಮಗೆ ನಾನು ಹೇಳುವುದು ಇಷ್ಟು. ದ್ವೀಪದಿಂದ ದ್ವೀಪಕ್ಕೆ ಬರೀ ಬ್ಯಾಗು ಹಿಡಿದು ಹೋಗಿ, ಇಳಿದ ಕಡೆ ಬೇರೆ ಕಾರು ತೆಗೆದುಕೊಳ್ಳಿ. ಪಾರೋಸ್, ನಾಕ್ಸೋಸ್, ಸ್ಯಾಂಟೊರಿನಿ, ಮಿಲೋಸ್ ಎಲ್ಲ ಕಡೆ ಬಾಡಿಗೆ ಕಾರು ಸಿಗುತ್ತದೆ. ಆಗಸ್ಟ್ ಆದರೆ ಮೊದಲೇ ಬುಕ್ ಮಾಡಿ, ಗೇರಿಲ್ಲದ ಆಟೋಮ್ಯಾಟಿಕ್ ಬೇಕಿದ್ದರಂತೂ ಇನ್ನೂ ಮೊದಲೇ, ಅವು ಕಡಿಮೆ ಇರುತ್ತವೆ. ಈ ದ್ವೀಪಗಳೆಲ್ಲ ಸೇರಿರುವ ಸೈಕ್ಲಡೀಸ್ ಗುಂಪಿನಲ್ಲೇ ನಾಕ್ಸೋಸ್ ದೊಡ್ಡ ದ್ವೀಪ, ಅಲ್ಲಿನ ಬೆಟ್ಟದ ಊರುಗಳಿಗೆ ಕಾರು ನಿಜಕ್ಕೂ ಬೇಕು. ಸ್ಯಾಂಟೊರಿನಿಯಲ್ಲಿ ಹಡಗು ನಿಲ್ಲುವ ಅಥಿನಿಯೋಸ್‌ನಿಂದ ಮೇಲಕ್ಕೆ ಕಡಿದಾದ ತಿರುವಿನ ರಸ್ತೆ, ಹಡಗು ಬಂದಾಗಲೆಲ್ಲ ಜಾಮ್. ಅಲ್ಲಿ ಮೇಲಕ್ಕೆ ಬಸ್ಸಿನಲ್ಲಿ ಹೋಗಿ, ಆಮೇಲೆ ಕಾರು ತೆಗೆದುಕೊಳ್ಳುವುದು ವಾಸಿ. ಪಾರೋಸ್‌ನ ಪೌಂಡಾದಿಂದ ಆಂಟಿಪಾರೋಸ್‌ಗೆ ಹೋಗುವ ಸಣ್ಣ ದೋಣಿಗೆ ಹತ್ತು ನಿಮಿಷದ ದಾರಿ, ಅದಕ್ಕೆ ಕಾರು ಹತ್ತಿಸಬೇಕು ಅನಿಸಿದರೂ ಅನುಮತಿ ಬರಹದಲ್ಲೇ ಕೇಳಿ.

ದೂರದ ದ್ವೀಪಕ್ಕೆ ಮೊದಲು ಹೋಗಿ, ಅಥೆನ್ಸ್ ಕಡೆಗೆ ಹತ್ತಿರವಾಗುತ್ತಾ ಬನ್ನಿ. ಹಡಗು ಮತ್ತು ವಿಮಾನ ಒಂದೇ ದಿನ ಇಟ್ಟುಕೊಳ್ಳಬೇಡಿ. ಮೆಲ್ಟೆಮಿ ತಿಂಗಳುಗಳಲ್ಲಿ ಮಧ್ಯೆ ಒಂದು ದಿನವಾದರೂ ಖಾಲಿ ಇರಲಿ, ವೀಸಾದ ಕೊನೆಯ ದಿನಕ್ಕೆ ತಾಗಿಸಬೇಡಿ. ಗಂಟೆ ಜಾಸ್ತಿ ಆದರೂ ಕ್ಯಾಟಮರಾನ್ ಬದಲು ದೊಡ್ಡ ಹಡಗನ್ನೇ ಹಿಡಿಯಿರಿ. ನಾವಿಕರ ಮುಷ್ಕರವೂ ಆಗಾಗ ಇರುತ್ತದೆ, ಹೊರಡುವ ಮುಂಚೆ ಸುದ್ದಿ ನೋಡಿ. ಆರ್‌ಟಿಒದಿಂದ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಅದಕ್ಕೆ ಒಂದು ವರ್ಷ ಅವಧಿ. ಅದಿಲ್ಲದೆಯೂ ಕೀಲಿ ಕೊಡುವವರು ಸಿಗಬಹುದು, ಅಪಘಾತವಾದರೆ ವಿಮೆಯವರು ಒಪ್ಪುವುದಿಲ್ಲ.

ಈಗಾಗಲೇ ಕಾರು, ಹಡಗು ಎರಡೂ ಬುಕ್ ಮಾಡಿದ್ದರೆ ಇವತ್ತೇ ಬಾಡಿಗೆಯವರಿಗೆ ಇಮೇಲ್ ಹಾಕಿ. ಹಡಗುಗಳ ಹೆಸರು, ತಾರೀಖು ಬರೆದು, ಅನುಮತಿ ಇದೆಯಾ, ಹಡಗಿನ ಒಳಗೆ ಆಗುವ ಹಾನಿಗೆ ವಿಮೆ ನಡೆಯುತ್ತದಾ ಅಂತ ಎರಡು ಪ್ರಶ್ನೆಗಳನ್ನೂ ಬಿಡಿಬಿಡಿಯಾಗಿ ಕೇಳಿ. ಎರಡಕ್ಕೂ ಹೌದು ಅಂತ ಬರೆದು ಕಳಿಸಿದರೆ ಅದನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲೇ ಜಾರಿಕೊಂಡರೆ, ಉಚಿತವಾಗಿ ರದ್ದು ಮಾಡುವ ಅವಧಿ ಮುಗಿಯುವುದರೊಳಗೆ ಆ ಕಾರು ಬಿಟ್ಟುಬಿಡಿ.